ಇಜ್ತಿಹಾದ್ ಚರ್ಚೆಯ ಕುರಿತು ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಗುಂಪಿನ ಚರ್ಚೆಯಲ್ಲಿ ‘ಇಜ್ತಿಹಾದ್’ ಎಂಬ ಪದವನ್ನು ಸ್ವಂತ ಅಭಿಪ್ರಾಯ ಎಂಬ ಅರ್ಥದಲ್ಲಿ ಬಳಸಲಾಗುತ್ತಿದೆ, ಇದು ಸರಿಯಲ್ಲ. ಕುರ್‌ಆನ್ ಮತ್ತು ಹದೀಸ್‌ಗಳಲ್ಲಿ (ಪ್ರವಾದಿಯವರ ನುಡಿ-ನಡೆಗಳ ವರದಿಗಳಲ್ಲಿ) ನೇರ ವಿಧಿ ಕಾಣದ ಪ್ರಶ್ನೆಗೆ, ಅರಬಿ ಭಾಷೆ, ಇಜ್ಮಾ (ವಿದ್ವಾಂಸರ ಒಮ್ಮತ) ಮತ್ತು ಕಿಯಾಸ್ (ಹೋಲಿಕೆಯ ತರ್ಕ) ಇವುಗಳನ್ನು ಬಲ್ಲ ವಿದ್ವಾಂಸನು ಅವೇ ಆಧಾರಗಳಿಂದ ಉತ್ತರ ಕಂಡುಕೊಳ್ಳಲು ತನ್ನ ಶಕ್ತಿಯನ್ನೆಲ್ಲ ವಿನಿಯೋಗಿಸುವುದೇ ಇಜ್ತಿಹಾದ್.

ಕ್ರಿ.ಶ. 820ರಲ್ಲಿ ನಿಧನರಾದ ಇಸ್ಲಾಮೀ ಕಾನೂನು ವಿದ್ವಾಂಸ ಇಮಾಮ್ ಶಾಫಿಈ ಇದನ್ನು ಕಿಬ್ಲಾದ (ನಮಾಜಿನಲ್ಲಿ ಮುಖ ಮಾಡಬೇಕಾದ ಕಅಬಾದ ದಿಕ್ಕಿನ) ಉದಾಹರಣೆಯಿಂದ ವಿವರಿಸಿದ್ದಾರೆ. ಮೆಕ್ಕಾದ ಕಅಬಾ ಕಣ್ಣಿಗೆ ಬೀಳದಷ್ಟು ದೂರದಲ್ಲಿರುವವನು ಸೂರ್ಯ, ನಕ್ಷತ್ರ, ಗಾಳಿ, ಬೆಟ್ಟಗಳ ಗುರುತು ಹಿಡಿದು ದಿಕ್ಕನ್ನು ನಿರ್ಧರಿಸಬೇಕೇ ಹೊರತು ಮನಸ್ಸಿಗೆ ತೋಚಿದ ಕಡೆಗೆ ತಿರುಗುವಂತಿಲ್ಲ. ಹಾಗೆ ಶ್ರಮಿಸಿದ ಇಬ್ಬರು ಎರಡು ದಿಕ್ಕುಗಳನ್ನು ಕಂಡುಕೊಂಡರೆ ಇಬ್ಬರೂ ತಮ್ಮ ಕರ್ತವ್ಯ ಪೂರೈಸಿದಂತೆಯೇ. ತೀರ್ಪು ಸರಿಯಾದರೆ ಎರಡು ಪ್ರತಿಫಲ, ತಪ್ಪಾದರೂ ಒಂದು ಎಂಬ ಪ್ರಸಿದ್ಧ ಹದೀಸ್ ಇರುವುದೂ ಇಂತಹ ಪ್ರಾಮಾಣಿಕ ಶ್ರಮದ ಬಗ್ಗೆಯೇ.

‘ಇಜ್ತಿಹಾದಿನ ಬಾಗಿಲು ಹತ್ತನೇ ಶತಮಾನದಲ್ಲೇ ಮುಚ್ಚಿತು’ (ಅಂದರೆ ಆ ಬಳಿಕ ಹೊಸ ಇಜ್ತಿಹಾದಿಗೆ ಅವಕಾಶವಿಲ್ಲ) ಎಂಬ ವಾದವನ್ನೂ ಸದಸ್ಯರೊಬ್ಬರು ಮುಂದಿಟ್ಟಿದ್ದಾರೆ. ಆ ಕಲ್ಪನೆಯನ್ನು ಇಸ್ಲಾಮೀ ಕಾನೂನಿನ ಸಂಶೋಧಕ ವಾಇಲ್ ಹಲ್ಲಾಕ್ 1984ರ ಲೇಖನದಲ್ಲಿ ಬಲವಾಗಿ ಪ್ರಶ್ನಿಸಿದ್ದಾರೆ. ತಾವೇ ಇಜ್ತಿಹಾದ್ ನಡೆಸಿದ ವಿದ್ವಾಂಸರಾದ ಹದಿನಾಲ್ಕನೇ ಶತಮಾನದ ಇಬ್ನ್ ತೈಮಿಯ್ಯಾ, ಹತ್ತೊಂಬತ್ತನೇ ಶತಮಾನದ ಶೌಕಾನಿ ಅವರ ಬರಹಗಳನ್ನು ನೋಡಿದವರಿಗೆ ಅದನ್ನು ಒಪ್ಪುವುದು ಕಷ್ಟ. ಶಿಯಾ ಪಂಥದಲ್ಲಿ ತರ್ಕದಿಂದ ವಿಧಿ ಕಂಡುಕೊಳ್ಳುವುದನ್ನು ಒಪ್ಪುವ ಉಸೂಲಿ ಪರಂಪರೆಯಲ್ಲಂತೂ ಮುಜ್ತಹಿದ್‌ನ (ಇಜ್ತಿಹಾದ್ ನಡೆಸುವ ವಿದ್ವಾಂಸನ) ಸ್ಥಾನ ಇಂದಿಗೂ ಜೀವಂತವಾಗಿದೆ.

ಇನ್ನು ಮುಂದೆ ಯಾವುದೇ ತೀರ್ಪನ್ನು ಇಲ್ಲಿ ಹಂಚುವಾಗ ಅದು ಯಾವ ವಿದ್ವಾಂಸರದು, ಯಾವ ಮದ್ಹಬ್‌ನದು (ಕಾನೂನು ಪಂಥದ್ದು), ಆಧಾರವೇನು ಎಂಬುದನ್ನು ಕಡ್ಡಾಯವಾಗಿ ನಮೂದಿಸಬೇಕು. ಸ್ವಂತ ಅನಿಸಿಕೆಯನ್ನು ಅನಿಸಿಕೆಯೆಂದೇ ಬರೆಯಿರಿ. ಅದನ್ನು ಫತ್ವಾ ರೂಪದಲ್ಲಿ ಹಾಕಿದರೆ ಆ ಸಂದೇಶವನ್ನು ಅಳಿಸಲಾಗುವುದು.