ಸೂಲಗಿತ್ತಿಯಾಗಲು ಯಾವ ಪದವಿ ಓದಬೇಕು?

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಮುಗಿಸಿರುವ ನಮ್ಮ ಬೀದಿಯ ಹುಡುಗಿಯೊಬ್ಬಳು ಕಳೆದ ವಾರ ಸಿಇಟಿ ಕಾಗದಪತ್ರಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ನಾನು ಇಪ್ಪತ್ತಾರು ವರ್ಷ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಿ, ವಿದ್ಯಾರ್ಥಿಗಳನ್ನು ಹೆರಿಗೆ ವಾರ್ಡಿಗೆ ಕರೆದೊಯ್ಯುತ್ತಿದ್ದವಳು ಎಂಬುದು ಅವಳಿಗೆ ಗೊತ್ತು. "ಆಂಟಿ, ನನಗೆ ಹೆರಿಗೆ ಮಾಡಿಸುವ ಕೆಲಸವೇ ಬೇಕು, ಅದಕ್ಕೆ ಯಾವ ಡಿಗ್ರಿ ತೊಗೋಬೇಕು?" ಎಂದು ಕೇಳಿದಳು. ಒಂದು ಸಾಲಿನ ಉತ್ತರ ನನ್ನಲ್ಲಿರಲಿಲ್ಲ. ಈ ಪತ್ರಕ್ಕೆ ಅದೇ ಕಾರಣ.

ಫಿಸಿಯೋಥೆರಪಿಗೆ ಬಿಪಿಟಿ ಇದೆ, ಔಷಧ ಅಂಗಡಿಗೆ ಬಿ.ಫಾರ್ಮ ಇದೆ. ಹೆರಿಗೆ ಮಾಡಿಸುವುದನ್ನೇ ವೃತ್ತಿಯಾಗಿ ಆರಿಸಿಕೊಳ್ಳುವ ಹುಡುಗಿಗೆ ಪಿಯುಸಿ ನಂತರ ನೇರವಾಗಿ ತೆರೆದುಕೊಳ್ಳುವ ಪದವಿಯ ಬಾಗಿಲು ನಮ್ಮಲ್ಲಿಲ್ಲ. ಎರಡು ವರ್ಷದ ಎಎನ್ಎಂ (ಸಹಾಯಕ ದಾದಿ-ಸೂಲಗಿತ್ತಿ ತರಬೇತಿ), ಮೂರು ವರ್ಷದ ಜಿಎನ್ಎಂ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ) ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಇವುಗಳ ಒಳಗೇ ಆಕೆ ತನ್ನ ದಾರಿಯನ್ನು ಹುಡುಕಿಕೊಳ್ಳಬೇಕು. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಶಸ್ತ್ರಚಿಕಿತ್ಸಾ ವಾರ್ಡು, ಮಕ್ಕಳ ವಾರ್ಡು, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಲ್ಲವನ್ನೂ ಕಲಿಯುತ್ತ ಹೋಗುವಾಗ, ಪ್ರಸೂತಿ ಶುಶ್ರೂಷೆ ಕೊನೆಯ ಸೆಮಿಸ್ಟರ್‌ಗಳಲ್ಲಿ ಬರುವ ಒಂದು ವಿಷಯ ಮಾತ್ರ. ಆದರೂ ಓದು ಮುಗಿಸಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದಾಗ ಕೈಗೆ ಬರುವುದು ಜೋಡಿ ಬಿರುದು: ನೋಂದಾಯಿತ ದಾದಿ ಮತ್ತು ನೋಂದಾಯಿತ ಸೂಲಗಿತ್ತಿ. ಮೊದಲನೆಯದನ್ನು ನಮ್ಮ ಮಕ್ಕಳು ದುಡಿದು ಸಂಪಾದಿಸುತ್ತಾರೆ. ಎರಡನೆಯದು ಎಷ್ಟೋ ಸಲ ಕಾಗದದಲ್ಲಿ ಮಾತ್ರ ಸಿಗುತ್ತದೆ.

ಇದು ಕಹಿ ಮಾತೆಂದು ಗೊತ್ತು, ಆದರೆ ಕಣ್ಣಾರೆ ಕಂಡದ್ದು. ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ಆಸ್ಪತ್ರೆಯೊಂದರ ಹೆರಿಗೆ ಕೊಠಡಿಯಲ್ಲಿ ಬೆಳಗಿನ ಪಾಳಿಯಲ್ಲಿ ಮೇಜಿನ ಸುತ್ತ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು, ಅವರ ಹಿಂದೆ ಹೌಸ್ ಸರ್ಜನ್‌ಗಳು, ಅವರ ಹಿಂದೆ ಬೇರೆ ಬೇರೆ ಕಾಲೇಜುಗಳ ನರ್ಸಿಂಗ್ ವಿದ್ಯಾರ್ಥಿಗಳು ನಿಂತಿರುತ್ತಿದ್ದರು. ನಮ್ಮ ಹುಡುಗಿಯರಿಗೆ ಕಾಣುತ್ತಿದ್ದುದು ಮುಂದಿನವರ ಬೆನ್ನು. ಮಗುವಿನ ಅಳು ಕೇಳಿಸಿದಾಗ ಹೆರಿಗೆ ಆಯಿತೆಂದು ತಿಳಿಯುತ್ತಿತ್ತು. ಸೆಮಿಸ್ಟರ್ ಮುಗಿಯುವಾಗ ಹೆರಿಗೆಗಳ ಲೆಕ್ಕ ಬರೆಯುವ ಕೇಸ್ ಬುಕ್ ತುಂಬಲೇಬೇಕಲ್ಲ, 'ವೀಕ್ಷಿಸಿದ್ದು' ಎಂದು ಬರೆಯಬೇಕಾದ ಕಡೆ 'ಮಾಡಿಸಿದ್ದು' ಎಂದು ಬರೆದ ಪುಟಗಳು ನನ್ನ ಮುಂದೆಯೂ ಸಹಿಗೆ ಬಂದಿವೆ. ಕೆಲವಕ್ಕೆ ನಾನು ಸಹಿ ಹಾಕಿದ್ದೇನೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಗಂಡು ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟ. ಅವರಿಗೂ ಅದೇ ಪಠ್ಯ, ಅದೇ ಬಿರುದು, ಆದರೆ ಎಷ್ಟೋ ಕಡೆ ಆ ಕೊಠಡಿಯ ಹೊಸಿಲು ದಾಟಲು ಅನುಮತಿಯಿಲ್ಲ.

ಈ ಕೆಲಸ ಕಾಯುವುದರಿಂದ ಕಲಿಯುವಂಥದ್ದು. ಬೇನೆ ತಿನ್ನುತ್ತಿರುವ ಹೆಂಗಸಿನ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಗೋಡೆ ಗಡಿಯಾರ ನೋಡುತ್ತ, ಹತ್ತು ನಿಮಿಷದಲ್ಲಿ ಗರ್ಭಕೋಶ ಎಷ್ಟು ಸಲ ಬಿಗಿಯಿತು, ಪ್ರತಿ ಸಲ ಎಷ್ಟು ಸೆಕೆಂಡ್ ಬಿಗಿಯಾಗಿತ್ತು ಎಂದು ಎಣಿಸಬೇಕು. ಮಗುವಿನ ಎದೆಬಡಿತ ಕೇಳಿ, ಹೆರಿಗೆ ಸಾಗುವ ಬಗೆಯನ್ನು ಗುರುತಿಸುವ ಪಾರ್ಟೊಗ್ರಾಫ್ ಹಾಳೆಯಲ್ಲಿ ಚುಕ್ಕೆಯಿಡಬೇಕು. ಗರ್ಭಕಂಠ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕವನ್ನು ನಾವೆಲ್ಲ ಉರು ಹೊಡೆಸಿದ್ದೆವು. ಆ ಲೆಕ್ಕ ಎಲ್ಲ ಹೆಂಗಸರಿಗೂ ಹೊಂದುವುದಿಲ್ಲ, ಅದೊಂದನ್ನೇ ನೆಪ ಮಾಡಿ ಹೆರಿಗೆಯನ್ನು ಚುರುಕುಗೊಳಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಮಗು ಬಂದ ಮೇಲೂ ಒಂದರಿಂದ ಮೂರು ನಿಮಿಷ ತಡೆದು ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಕು. ಬಳ್ಳಿಯ ಮಿಡಿತ ಬೆರಳುಗಳ ನಡುವೆ ಮೆಲ್ಲಗೆ ಇಳಿದು ನಿಲ್ಲುವುದು ತಿಳಿಯುತ್ತದೆ. ಮಾಸು ಬೀಳುವ ಹೊತ್ತಿನಲ್ಲಿ ರಕ್ತ ಎಷ್ಟು ಹೋದರೆ ಸಹಜ, ಯಾವಾಗ ವೈದ್ಯರನ್ನು ಓಡಿಹೋಗಿ ಕರೆಯಬೇಕು ಎಂಬ ಅಂದಾಜು ಬರಲು ಹತ್ತಾರು ಹೆರಿಗೆಗಳಲ್ಲಿ ಸ್ವತಃ ಕೈಯಾಡಿಸಿರಬೇಕು. ಆರು ವಾರದ ಪೋಸ್ಟಿಂಗಿನಲ್ಲಿ ಹಿಂದೆ ನಿಂತು ಇಣುಕಿದವರಿಗೆ ಅದು ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಶಾಲೆ ಮುಗಿಸಿದ ವಿದ್ಯಾರ್ಥಿನಿ ದಾದಿಯ ಓದನ್ನು ಓದದೆಯೇ ಮೂರು ವರ್ಷದ ಪ್ರಸೂತಿ ಪದವಿಗೆ ಸೇರಬಹುದು. ಆ ಓದಿನಲ್ಲಿ ಅರ್ಧ ತರಗತಿ, ಅರ್ಧ ಬಸುರಿ-ಬಾಣಂತಿಯರ ಬಳಿ. ಪದವಿ ಮುಗಿಯುವಷ್ಟರಲ್ಲಿ ಮೇಲ್ವಿಚಾರಕಿಯ ಎದುರು ಸುಮಾರು 40 ಹೆರಿಗೆಗಳನ್ನು ತಾನೇ ಮಾಡಿಸಿರಬೇಕು. ಅಲ್ಲಿ ದಾದಿಯ ನೋಂದಣಿ ಬೇರೆ, ಸೂಲಗಿತ್ತಿಯ ನೋಂದಣಿ ಬೇರೆ. ನನ್ನ ಶಿಷ್ಯೆಯರಲ್ಲಿ ಆ ದೇಶಕ್ಕೆ ಹೋದವರು ದಾದಿಯರಾಗಿಯೇ ಕೆಲಸಕ್ಕೆ ಸೇರಿದ್ದಾರೆ. ನಮ್ಮ ಜೋಡಿ ಬಿರುದಿನ ಎರಡನೆಯ ಅರ್ಧ ಅಲ್ಲಿ ತಾನಾಗಿ ಚಲಾವಣೆಯಾಗುವುದಿಲ್ಲ.

ನಮ್ಮ ದೇಶದಲ್ಲಿ ಏನೂ ನಡೆದಿಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2018ರ ಡಿಸೆಂಬರಿನಲ್ಲಿ ಪ್ರಸೂತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿ, ಈಗಾಗಲೇ ನೋಂದಾಯಿತರಾದ ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವ ಘಟಕಗಳನ್ನು ತೆರೆಯಲು ಹೇಳಿತು. ತೆಲಂಗಾಣ ಅದಕ್ಕೂ ಮುನ್ನವೇ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಇಂಥ ತರಬೇತಿಯನ್ನು ಶುರು ಮಾಡಿತ್ತು. 1947ರ ಶುಶ್ರೂಷಾ ಪರಿಷತ್ ಕಾಯ್ದೆಗೆ ಬದಲಾಗಿ 2023ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಯ ಹೆಸರಿನಲ್ಲೇ ಶುಶ್ರೂಷೆಯ ಪಕ್ಕ ಪ್ರಸೂತಿ ಶುಶ್ರೂಷೆಗೂ ಸ್ಥಾನ ಸಿಕ್ಕಿದೆ. ಆದರೆ ಹದಿನೆಂಟು ತಿಂಗಳ ಈ ದಾರಿ ದಾದಿಯ ಓದು ಮುಗಿಸಿ, ಕೆಲಸಕ್ಕೆ ಸೇರಿ, ಅನುಭವ ಪಡೆದವರಿಗೆ. ಹದಿನೆಂಟು ವಯಸ್ಸಿನ ಹುಡುಗಿಗೆ ಅಷ್ಟು ದೂರ ಕಾಯಲು ಹೇಳುವುದು ಹೇಗೆ?

ನೇರ ಪದವಿ ಬೇಡವೆನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ಸ್ಟಾಫ್ ನರ್ಸ್ ಹಾವು ಕಚ್ಚಿದವನಿಗೂ ಡ್ರಿಪ್ ಹಾಕಬೇಕು, ಬಿದ್ದು ಬಂದವನಿಗೂ ಗಾಯ ಕಟ್ಟಬೇಕು; ಹೆರಿಗೆ ಮಾತ್ರ ಬಲ್ಲವಳನ್ನು ಅಲ್ಲಿಗೆ ಕಳಿಸಿದರೆ ಕಷ್ಟ. ಒಪ್ಪಿದೆ. ಆದರೆ ದಿನವೂ ಹೆರಿಗೆಗಳ ಸಾಲೇ ಇರುವ ತಾಲ್ಲೂಕು ಆಸ್ಪತ್ರೆಗಳ, ತಾಯಿ-ಮಕ್ಕಳ ಆಸ್ಪತ್ರೆಗಳ ಮಾತು ಬೇರೆ. ಅಲ್ಲಿ ನುರಿತ ದಾದಿಯನ್ನು ಇಂದು ಹೆರಿಗೆ ಕೊಠಡಿಗೂ ನಾಳೆ ಕಣ್ಣಿನ ವಾರ್ಡಿಗೂ ಹಾಕುವ ಪದ್ಧತಿಯೇ ದೊಡ್ಡ ನಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಸಿಸೇರಿಯನ್ ಪ್ರಮಾಣ ಹಿಂದಿನ ಸುತ್ತಿನ ಶೇ 23.6ರಿಂದ ಶೇ 31.5ಕ್ಕೆ ಏರಿದೆ. ತಾಯಂದಿರ ಮರಣ ಅನುಪಾತ 2018-20ರಲ್ಲಿ ಲಕ್ಷ ಜೀವಂತ ಜನನಗಳಿಗೆ 69 ಇದ್ದು, ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚಾಗಿತ್ತು. ಸಿಸೇರಿಯನ್ ಹೆರಿಗೆಗಳೆಲ್ಲ ಅನಗತ್ಯವೆಂದು ನಾನು ಹೇಳುತ್ತಿಲ್ಲ. ಬಸುರಿಯನ್ನು ಆಸ್ಪತ್ರೆಯವರೆಗೆ ತರುವುದರಲ್ಲಿ ಗೆದ್ದಿದ್ದೇವೆ, ಬಂದವಳ ಪಕ್ಕದಲ್ಲಿ ಕೂತು ಕಾಯುವವರನ್ನು ತಯಾರು ಮಾಡಿಲ್ಲ ಎಂಬುದಷ್ಟೇ ನನ್ನ ದೂರು.

ನಮ್ಮ ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಆ ಕಸುಬಿಗೆ ನಮ್ಮಲ್ಲಿ ಗೌರವ ಡಾಕ್ಟರೇಟ್ ಉಂಟು, ಪದವಿ ತರಗತಿ ಇಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹೊಸ ಕಾಯ್ದೆಯ ಚೌಕಟ್ಟಿನಲ್ಲಿ ಪ್ರಸೂತಿ ಶುಶ್ರೂಷೆಯ ನೇರ ಪದವಿಯೊಂದನ್ನು ರೂಪಿಸಲು ಮುಂದಾಗಲಿ, ಸರ್ಕಾರವೂ ಅದರ ಜೊತೆಯಲ್ಲೇ ಆ ಪದವೀಧರರಿಗೆಂದು ಹುದ್ದೆಗಳನ್ನು ಸೃಷ್ಟಿಸಲಿ. ಹುದ್ದೆಯಿಲ್ಲದ ಪದವಿಯನ್ನು ಯಾವ ತಂದೆ-ತಾಯಿಯೂ ಕೊಡಿಸುವುದಿಲ್ಲ. ಅಲ್ಲಿಯವರೆಗೆ, ಈಗಿರುವ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರಾತ್ರಿ ಪಾಳಿಯಲ್ಲಾದರೂ ಮೇಜಿನ ಮುಂದಿನ ಸಾಲಿನಲ್ಲಿ ಜಾಗ ಮೀಸಲಿಡಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹಣವೂ ಬೇಡ, ಒಂದು ಸುತ್ತೋಲೆ ಸಾಕು.

ಆ ಹುಡುಗಿ ಸದ್ಯಕ್ಕೆ ಬಿ.ಎಸ್ಸಿ. ನರ್ಸಿಂಗನ್ನೇ ಆರಿಸಿಕೊಳ್ಳುವುದಾಗಿ ಹೇಳಿ ಹೋಗಿದ್ದಾಳೆ. ಹೋಗುವಾಗ, ಮಗುವಿನ ಎದೆಬಡಿತ ಕೇಳುವ ನನ್ನ ಹಳೆಯ ಫೀಟೊಸ್ಕೋಪನ್ನು ಕಿವಿಗೆ ಹಿಡಿದು ನೋಡಿ, ಮೂರನೆಯ ವರ್ಷ ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗುತ್ತೇನೆಂದು ಇಲ್ಲೇ ಇಟ್ಟಿದ್ದಾಳೆ.

ಇಂತಿ,
ನಿವೃತ್ತ ನರ್ಸಿಂಗ್ ಬೋಧಕಿ, ತುಮಕೂರು