ಟಿವಿಯಲ್ಲಿ ಆ್ಯಪ್ ಕನೆಕ್ಟ್ ಆಗದಿದ್ದರೆ

ಟಿವಿಯಲ್ಲಿ ವಿಡಿಯೊ ಆ್ಯಪ್ ಸುಮ್ನೆ ಸುತ್ತುತ್ತಲೇ ಇರುತ್ತದೆ ಎಂದು ಕೇಳಿದವರಿಗೆ: ಮೊದಲು ಅದೇ ವೈಫೈನಲ್ಲಿ ಮೊಬೈಲ್‌ನಲ್ಲಿ ವಿಡಿಯೊ ಬರುತ್ತದೆಯೇ ನೋಡಿ. ಮೊಬೈಲ್ ಡೇಟಾ ಆಫ್ ಮಾಡಿರಿ, ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ. ಬರದಿದ್ದರೆ ರೂಟರ್ ಆಫ್ ಮಾಡಿ ಆನ್ ಮಾಡಿ. ಬಂದರೆ ತೊಂದರೆ ಟಿವಿಯದು. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅದು ಬರೀ ನಿದ್ದೆ ಹೋಗುತ್ತದೆ, ಅಷ್ಟೇ. ಪ್ಲಗ್ ಕಿತ್ತು, 1 ನಿಮಿಷ ಬಿಟ್ಟು ಹಾಕಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ತಾರೀಖು ನೋಡಿ. ಇದನ್ನು ಯಾರೂ ನೋಡುವುದಿಲ್ಲ, ಅಲ್ವಾ? ನಮ್ಮ ಟಿವಿ ಇನ್ನೂ 2018ರಲ್ಲೇ ಇತ್ತು! ಆ್ಯಪ್ ಸಂಪರ್ಕಿಸುವ ಸರ್ವರ್ (ವಿಡಿಯೊ ಕಳಿಸುವ ಕಂಪ್ಯೂಟರ್) ಅಸಲಿಯೇ ಎಂದು ತೋರಿಸುವ ಸೆಕ್ಯುರಿಟಿ ಸರ್ಟಿಫಿಕೇಟ್‌ಗೆ ಒಂದು ಅವಧಿ ಇರುತ್ತದೆ; ತಾರೀಖು ತಪ್ಪಿದ್ದರೆ ಆ ಅವಧಿಗೆ ಹೊಂದುವುದಿಲ್ಲ, ಆ್ಯಪ್ ಕನೆಕ್ಟ್ ಆಗುವುದಿಲ್ಲ. ಆಟೊಮ್ಯಾಟಿಕ್‌ಗೆ ಹಾಕಿ.

ವೈಫೈ 5 ಮತ್ತು 2.4 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ತರಂಗಗಳಲ್ಲಿ ಬರುತ್ತಿದ್ದು ರೂಟರ್ ದೂರ ಇದ್ದರೆ, ಟಿವಿಯ ವೈಫೈ ಸೆಟ್ಟಿಂಗ್ಸ್‌ನಲ್ಲಿ 5 ಬಿಟ್ಟು 2.4 ಆರಿಸಿ. ವೇಗ ಕಡಿಮೆ, ಆದರೆ ಗೋಡೆ ದಾಟಿ ಬರುತ್ತದೆ.