ಮೊದಲು ನಕಲು, ಆಮೇಲೆ ಕುತೂಹಲ

ಪ್ರೀತಿಯ ಪುಟ್ಟಿ,

ನಿಮ್ಮ ತಂಡ ಸ್ಪರ್ಧೆಗೆ ಆಯ್ಕೆಯಾಯಿತು ಅಂತ ಓದಿ ತುಂಬಾ ಖುಷಿಯಾಯಿತು. ಹಳೆಯ ಫ್ಲಾಪಿ, ಸಿಡಿ, ಪೆನ್ ಡ್ರೈವ್ ಕೈಗೆ ಕೊಟ್ಟು ‘ಇದರಲ್ಲಿ ಇರುವುದನ್ನು ಹೊರತೆಗೆಯಿರಿ, ಮುಂದಿನವರಿಗೂ ಸಿಗುವ ಹಾಗೆ ಉಳಿಸಿ’ ಅನ್ನುವ ಸ್ಪರ್ಧೆ! ಇದೇ ಕೆಲಸದಲ್ಲಿ ವರ್ಷಗಳನ್ನು ಕಳೆದ ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಯಾವ ಸಾಫ್ಟ್‌ವೇರ್ ಕಲಿಯಲಿ ಅಂತ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ. ಡಿಸ್ಕ್ ಕೈಗೆ ಬಂದ ಕೂಡಲೇ ತೆರೆದು ನೋಡಬೇಡ.

ಸುಮ್ನೆ ನೋಡಿದರೆ ಏನಾಗುತ್ತೆ ಅನ್ನಿಸಬಹುದು. ನೀನು ಏನೂ ಬರೆಯದಿದ್ದರೂ ಕಂಪ್ಯೂಟರ್ ತಾನಾಗಿಯೇ ಬರೆದುಬಿಡಬಹುದು. ಪೆನ್ ಡ್ರೈವ್ ಚುಚ್ಚಿದರೆ ವಿಂಡೋಸ್ ಅದರೊಳಗೆ ತನ್ನದೊಂದು ಮರೆಯ ಫೋಲ್ಡರ್ ಮಾಡಿಡುವುದುಂಟು. ಅದು ಕೂತ ಜಾಗದಲ್ಲೇ, ಯಾರೋ ಅಳಿಸಿದ ಫೈಲಿನ ಉಳಿದ ಚೂರು ಇದ್ದಿದ್ದರೆ? ಅದು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಮೊದಲು ಬರೆಯುವ ದಾರಿ ಮುಚ್ಚು. ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಮೂಲೆಯ ಪುಟ್ಟ ಕಿಂಡಿ ತೆರೆದಿದ್ದರೆ ಬರೆಯಲು ಆಗುವುದಿಲ್ಲ. ಅದಕ್ಕೂ ಹಳೆಯ 5.25 ಇಂಚಿನದರಲ್ಲಿ ಇದು ಉಲ್ಟಾ, ಪಕ್ಕದ ಕಚ್ಚಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು. ಹಾರ್ಡ್ ಡಿಸ್ಕಿಗೆ ರೈಟ್ ಬ್ಲಾಕರ್ ಅನ್ನುವ ಸಾಧನ ಇದೆ, ಆಯೋಜಕರ ಹತ್ತಿರ ಕೇಳಿ ತಗೋ.

ಆಮೇಲೆ ಡಿಸ್ಕ್ ಇಮೇಜ್ ಮಾಡು, ಅಂದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದು ಫೈಲಾಗಿ ತೆಗೆ. ಫೈಲುಗಳನ್ನು ಕಾಪಿ ಮಾಡಿದರೆ ಕಣ್ಣಿಗೆ ಕಾಣುವುದಷ್ಟೇ ಬರುತ್ತದೆ. ಇಮೇಜಿನಲ್ಲಿ ಖಾಲಿ ಅಂತ ತೋರಿಸುವ ಜಾಗವೂ ಒಂದೊಂದು ಬಿಟ್ (0 ಅಥವಾ 1) ಸಮೇತ ಬರುತ್ತದೆ. ಕೆಟ್ಟ ಡಿಸ್ಕಿಗೆ ಡಿಡಿ-ರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ನನ್ನ ಮೊದಲ ಆಯ್ಕೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ ಎತ್ತಿಟ್ಟು, ಕೆಟ್ಟ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಎಲ್ಲಿ ಓದಲು ಆಗಲಿಲ್ಲ ಅನ್ನುವುದನ್ನೂ ಬರೆದಿಡುತ್ತದೆ. ಇಮೇಜ್ ಸಿದ್ಧವಾದ ತಕ್ಷಣ ಎಸ್‌ಎಚ್‌ಎ-256 ಹ್ಯಾಶ್ ತೆಗೆ. ಅದು ಫೈಲಿನ ಬೆರಳಚ್ಚಿನ ಹಾಗೆ, ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ 64 ಅಕ್ಷರಗಳ ಗುರುತು. ಒಂದೇ ಒಂದು ಬಿಟ್ ಬದಲಾದರೂ ಆ 64 ಅಕ್ಷರಗಳು ಪೂರ್ತಿ ಬೇರೆಯಾಗುತ್ತವೆ. ಮೂಲ ಡಿಸ್ಕನ್ನು ಎತ್ತಿಟ್ಟು, ಇಮೇಜಿನ ಇನ್ನೊಂದು ನಕಲಿನ ಮೇಲೆ ಕೆಲಸ ಶುರು ಮಾಡು. ಈಗ ಎಷ್ಟು ಬೇಕಾದರೂ ಕುತೂಹಲಪಡು!

ಇನ್ನು ಅಳಿಸಿದ ಫೈಲುಗಳ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು. ಹಳೆಯ ಡಾಸ್ ಫ್ಲಾಪಿಯಲ್ಲಿ ಫೈಲ್ ಅಳಿಸಿದರೆ ಒಳಗಿನ ಬರಹ ಆ ಕ್ಷಣಕ್ಕೆ ಎಲ್ಲಿಗೂ ಹೋಗುವುದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರಿಗೆ ಗೀಟು ಹಾಕಿ, ಪುಟಗಳನ್ನು ಹಾಗೇ ಬಿಟ್ಟಂತೆ. ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ‘ಇ5’ ಅನ್ನುವ ಗುರುತು ಕೂರುತ್ತದೆ, ಅಷ್ಟೇ. ಫೈಲ್ ಎಲ್ಲಿ ಶುರುವಾಗುತ್ತದೆ, ಎಷ್ಟು ದೊಡ್ಡದು ಅನ್ನುವುದು ಉಳಿದಿರುತ್ತದೆ. ಆದರೆ ಯಾವ ತುಂಡಿನ ನಂತರ ಯಾವ ತುಂಡು ಅನ್ನುವ ಕೊಂಡಿ ಅಳಿದಿರುತ್ತದೆ. ಫೈಲ್ ಒಂದೇ ಕಡೆ ಸಾಲಾಗಿದ್ದು, ಅದರ ಮೇಲೆ ಬೇರೇನೂ ಬರೆದಿರದಿದ್ದರೆ ಪೂರ್ತಿ ಸಿಗುತ್ತದೆ, ಚದುರಿದ್ದರೆ ಕಷ್ಟ.

ಈಗ ಆ ಮೊದಲ ಅಕ್ಷರ ಯಾವುದು? ಉಳಿದ ಅಕ್ಷರ ನೋಡಿದರೆ ‘ನೋಟ್’ ಇರಬಹುದು, ‘ವೋಟ್’ ಕೂಡ ಇರಬಹುದು. ಎಷ್ಟೋ ಜನ ತಮಗೆ ತೋಚಿದ್ದನ್ನು ಹಾಕಿ ಮುಂದೆ ಹೋಗುತ್ತಾರೆ. ನೀನು ಹಾಗೆ ಮಾಡಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆ. ಊಹೆ ಮಾಡಿದರೆ ಅದು ಊಹೆ ಅಂತ ಪಕ್ಕದಲ್ಲಿ ಗುರುತು ಹಾಕು. ಅರ್ಧ ಸಿಕ್ಕ ಪತ್ರದ ಖಾಲಿ ಸಾಲುಗಳನ್ನು ಅಂದವಾಗಿ ತುಂಬಿ ಕೊಟ್ಟರೆ, ಮುಂದೆ ಓದುವವರಿಗೆ ಯಾವುದು ಬರೆದವರ ಮಾತು, ಯಾವುದು ನಿನ್ನದು ಅಂತ ಹೇಗೆ ತಿಳಿಯಬೇಕು?

ವಿದ್ಯಾರ್ಥಿಗಳಿಂದ ಏನಾದೀತು ಅನ್ನಿಸಿದರೆ ಆಂಡಿ ವಾರ್ಹಾಲ್ ಫ್ಲಾಪಿಗಳನ್ನು ನೆನಪಿಸಿಕೋ. 1985ರಲ್ಲಿ ಆ ಕಲಾವಿದ ಅಮಿಗಾ ಕಂಪ್ಯೂಟರಿನಲ್ಲಿ ಚಿತ್ರ ಬರೆದಿದ್ದ. ಫ್ಲಾಪಿಗಳು ಅವನ ಹೆಸರಿನ ಮ್ಯೂಸಿಯಂನಲ್ಲೇ ಇದ್ದವು, ಒಳಗೇನಿದೆ ಅಂತ ನೋಡಲು ಮಾತ್ರ ದಾರಿ ಇರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಫ್ಲಾಪಿಯ ಕಾಂತೀಯ ಗುರುತುಗಳನ್ನೇ ನೇರವಾಗಿ ಓದುವ ಕ್ರಯೋಫ್ಲಕ್ಸ್ ಬಳಸಿ ನಕಲು ತೆಗೆದರು. ಆದರೂ ಚಿತ್ರಗಳು ತೆರೆಯಲಿಲ್ಲ, ಯಾಕೆಂದರೆ ಆ ಫಾರ್ಮ್ಯಾಟ್ ಯಾರಿಗೂ ಗೊತ್ತಿರಲಿಲ್ಲ. ಅದರ ಒಳರಚನೆಯನ್ನು ತಾವೇ ಬಿಡಿಸಿಕೊಂಡರು. 2014ರಲ್ಲಿ 28 ಚಿತ್ರಗಳು ಹೊರಬಂದವು.

ಫಾರ್ಮ್ಯಾಟ್ ಗುರುತಿಸುವಾಗ ಹೆಸರಿನ ಕೊನೆಯ ಮೂರಕ್ಷರ ನಂಬಬೇಡ. ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಫೈಲಿನ ತಲೆ, ಅಂದರೆ ಮೊದಲ ಬೈಟುಗಳನ್ನು ನೋಡು. ‘ಎಫ್‌ಎಫ್ ಡಿ8’ ಅಂತ ಶುರುವಾದರೆ ಬಹುಮಟ್ಟಿಗೆ ಜೆಪೆಗ್. ಅಳಿಸಿದ ಫೋಟೋ ಹುಡುಕುವ ಫೋಟೊರೆಕ್ ಕೂಡ ಇಂಥ ಗುರುತುಗಳನ್ನೇ ಹಿಡಿದು ಹೋಗುತ್ತದೆ. ತಿರುಗುವ ತಟ್ಟೆ ಇಲ್ಲದ, ಚಿಪ್ಪಿನಲ್ಲಿ ಉಳಿಸುವ ಎಸ್‌ಎಸ್‌ಡಿ ಕೊಟ್ಟರೆ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಟ್ರಿಮ್ ಅನ್ನುವ ಸೌಲಭ್ಯ ಚಾಲೂ ಇದ್ದರೆ ಅಳಿಸಿದ್ದನ್ನು ಅದು ಒಳಗೊಳಗೇ ಒರೆಸಿಬಿಡುತ್ತದೆ.

ಹಳೆಯ ಕನ್ನಡ ಫೈಲ್ ಸಿಕ್ಕಿದರೆ? ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಡೆ ತೆರೆದರೆ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕೆಟ್ಟಿದೆ ಅಂತ ಬಿಸಾಡಬೇಡ, ಅಕ್ಷರ ಎಲ್ಲಾ ಒಳಗೇ ಇವೆ. ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಬದಲಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಕಣ್ಣಿಟ್ಟು ನೋಡು. ಮೂಲ ಫೈಲನ್ನು ಹಾಗೇ ಜೊತೆಗಿಡು.

ಕೊನೆಗೆ ನಿಮ್ಮ ತಂಡದ ವಿಷಯ. ಎಲ್ಲರೂ ಕೀಲಿಮಣೆಗೆ ಮುಗಿಬೀಳಬೇಡಿ. ಒಬ್ಬರು ಬರೀ ಟಿಪ್ಪಣಿ ಬರೆಯಲಿ: ಯಾವ ಡಿಸ್ಕ್, ಲೇಬಲ್ ಮೇಲೆ ಏನಿತ್ತು, ಯಾವ ಆದೇಶ ಕೊಟ್ಟಿರಿ, ಹ್ಯಾಶ್ ಏನು ಬಂತು. ಇದು ಚಿಲ್ಲರೆ ಕೆಲಸ ಅಲ್ಲ, ತಂಡದಲ್ಲಿ ಅತ್ಯಂತ ತಾಳ್ಮೆ ಇರುವವರಿಗೆ ಕೊಡು. ಮನೆಯ ಕಪಾಟಿನಲ್ಲಿರುವ ನನ್ನ ಹಳೆಯ ಫ್ಲಾಪಿಗಳಲ್ಲಿ ಒಂದನ್ನು ತಗೊಂಡು ಈ ವಾರ ಅಭ್ಯಾಸ ಮಾಡಿ. ಟಿಪ್ಪಣಿ ನನಗೆ ಕಳಿಸು. ಅದನ್ನಷ್ಟೇ ನೋಡಿಕೊಂಡು ನೀವು ಮಾಡಿದ್ದನ್ನು ನಾನು ಇಲ್ಲಿ ಮತ್ತೆ ಮಾಡಿ ನೋಡುತ್ತೇನೆ. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಬರೆದು ಕಳಿಸುತ್ತೇನೆ.

ನಿನ್ನ ಅಮ್ಮ